ಹಿತ್ತಲಿನ ಬ್ಲೂಬೆಲ್ ಇಂಗ್ಲೆಂಡಿನದ್ದಾ, ಸ್ಪೇನಿನದ್ದಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹೊಸದಾಗಿ ಮನೆ ತಗೊಂಡಿದ್ದೇವೆ. ಏಪ್ರಿಲ್ ಕೊನೆಗೆ ಹಿತ್ತಲಿನ ಮರದಡಿ ನೀಲಿ ಗಂಟೆಯಂಥ ಹೂ ಬಿಟ್ಟಿತು. ಪಕ್ಕದ ಮನೆಯವರು "ಇದು ಸ್ಪ್ಯಾನಿಷ್ ಬ್ಲೂಬೆಲ್, ಕಿತ್ತುಹಾಕಿ" ಅನ್ನುತ್ತಾರೆ. ಗುರುತಿಸೋದು ಹೇಗೆ? ಕೀಳಲೇಬೇಕಾ?

ಉತ್ತರ: ಒಂದು ಹೂವನ್ನು ಮೇಲಕ್ಕೆತ್ತಿ ಒಳಗೆ ನೋಡಿ. ಹೂವಿನ ಬಣ್ಣ ನಂಬಬೇಡಿ. ಎರಡರಲ್ಲೂ ಬಿಳಿ, ಗುಲಾಬಿ ಹೂಗಳು ಬರುವುದುಂಟು. ನೋಡಬೇಕಾದ್ದು ಪರಾಗ. ಆಗಷ್ಟೇ ಅರಳಿದ ಹೂವಿನಲ್ಲಿ ಅದು ಕೆನೆಬಿಳಿ ಇದ್ದರೆ ಇಂಗ್ಲೆಂಡಿನ ದೇಸಿ ಗಿಡ. ನೀಲಿ ಇದ್ದರೆ ಸ್ಪೇನಿನದ್ದು, ಇಲ್ಲವೇ ಬೆರಕೆ.

ಆಮೇಲೆ ದಂಟು ನೋಡಿ. ದೇಸಿ ಗಿಡದ ದಂಟು ತುದಿಯಲ್ಲಿ ಬಾಗಿ, ಹೂಗಳೆಲ್ಲ ಒಂದೇ ಕಡೆಗೆ ಜೋತುಬಿದ್ದಿರುತ್ತವೆ. ಹೂ ಉದ್ದನೆಯ ಕೊಳವೆಯಂತಿದ್ದು, ಎಸಳಿನ ತುದಿ ಹಿಂದಕ್ಕೆ ಸುರುಳಿ ಸುತ್ತಿರುತ್ತದೆ. ಎಲೆ ಸಣ್ಣ, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಅಗಲ. ಸ್ಪೇನಿನದ್ದು ನೆಟ್ಟಗೆ ನಿಲ್ಲುತ್ತದೆ, ಸುತ್ತಲೂ ಹೂ ಬಿಡುತ್ತದೆ, ಎಲೆ 3 ಸೆಂಟಿಮೀಟರ್‌ವರೆಗೂ ಅಗಲ. ಪರಿಮಳ ಅಷ್ಟಕ್ಕಷ್ಟೇ. ದೇಸಿ ಬ್ಲೂಬೆಲ್ ತುಂಬಿದ ಕಾಡಿಗೆ ಮೇ ತಿಂಗಳಲ್ಲಿ ಒಮ್ಮೆ ಕಾಲಿಟ್ಟವರಿಗೆ ಆ ಸಿಹಿ ವಾಸನೆಯ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಗಿಡದಲ್ಲಿ ಇದೂ ಸ್ವಲ್ಪ, ಅದೂ ಸ್ವಲ್ಪ ಕಂಡರೆ ಗಾಬರಿಯಾಗಬೇಡಿ. ಊರೊಳಗಿನ ಹಿತ್ತಲುಗಳಲ್ಲಿ ಬೆರಕೆಯೇ ಜಾಸ್ತಿ. ಸ್ಪೇನಿನ ಗಿಡವನ್ನು 300 ವರ್ಷಕ್ಕೂ ಹಿಂದೆ ತೋಟದ ಅಂದಕ್ಕೆಂದು ತಂದರು. ಅದು ಬೇಲಿ ದಾಟಿತು, ಜೇನು ಮತ್ತು ದುಂಬಿಗಳು ಉಳಿದ ಕೆಲಸ ಮುಗಿಸಿದವು.

ಪಕ್ಕದ ಮನೆಯವರಿಗೆ ಇಷ್ಟು ತಲೆಬಿಸಿ ಯಾಕೆ ಅಂದರೆ, ಪ್ರಪಂಚದ ಈ ದೇಸಿ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಬ್ರಿಟನ್ನಿನಲ್ಲೇ ಇವೆ. ಬೆರಕೆಯಾಗುತ್ತಾ ಹೋದರೆ ಅಸಲಿ ತಳಿ ಕರಗಿಹೋದೀತು ಅನ್ನೋ ಭಯ. ಆದರೆ ಸ್ಕಾಟ್ಲೆಂಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ದೇಸಿ ಗಿಡವೇ ಸ್ಪೇನಿನದ್ದಕ್ಕಿಂತ ಚೆನ್ನಾಗಿ ಬೀಜ ಕಟ್ಟಿದ್ದು ಕಂಡಿದೆ. ಅಷ್ಟು ಸುಲಭವಾಗಿ ಸೋಲುವ ಗಿಡವಲ್ಲ ಇದು.

ಹಾಗಾಗಿ ನನ್ನ ಮಾತು ಇಷ್ಟೇ: ಗಿಡ ಸ್ಪೇನಿನದ್ದೋ ಬೆರಕೆಯೋ ಆಗಿದ್ದು, ನಿಮ್ಮ ಮನೆ ಹಳೇ ಕಾಡಿನ ಪಕ್ಕದಲ್ಲಿದ್ದರೆ ಕಿತ್ತುಬಿಡಿ. ಊರ ನಡುವೆ ಇದ್ದರೆ ಸುಮ್ನೆ ಬಿಡಿ, ನೋಡಿ ಖುಷಿಪಡಿ. ಕೀಳುವುದಾದರೆ ಎಲೆ ಇರುವಾಗಲೇ ಆಳವಾಗಿ ಅಗೆಯಿರಿ, ಯಾಕಂದರೆ ಗೆಡ್ಡೆಗಳು ವರ್ಷ ಕಳೆದಂತೆ ಕೆಳಗಿಳಿಯುತ್ತವೆ. ಕೈಗವಸು ಹಾಕಿಕೊಳ್ಳಿ, ಗಿಡದ ರಸಕ್ಕೆ ಕೆಲವರ ಚರ್ಮ ಉರಿಯುತ್ತದೆ. ಗೆಡ್ಡೆ ವಿಷಕಾರಿ, ಮಕ್ಕಳ ಕೈಗೆ ಸಿಗದಿರಲಿ. ಕಿತ್ತದ್ದನ್ನು ಕಾಡಿನ ಅಂಚಿಗೆ ಮಾತ್ರ ಎಸೆಯಬೇಡಿ, ಅಲ್ಲೇ ಬೇರು ಬಿಡುತ್ತದೆ.

ಆ ಜಾಗಕ್ಕೆ ಕಾಡಿನಿಂದಲೇ ನಾಲ್ಕು ಗೆಡ್ಡೆ ತರೋಣ ಅನ್ನಿಸಬಹುದು. ಬೇಡ. ಜಮೀನಿನವರ ಒಪ್ಪಿಗೆಯಿಲ್ಲದೆ ಕಾಡುಗಿಡ ಬೇರುಸಹಿತ ಕೀಳುವುದು ಅಲ್ಲಿನ 1981ರ ಕಾನೂನಿನ ಪ್ರಕಾರ ಅಪರಾಧ. ಕಾಡಿನಿಂದ ಕಿತ್ತ ಬ್ಲೂಬೆಲ್ ಮಾರುವುದಕ್ಕೂ 1998ರಿಂದ ತಡೆ ಇದೆ. ನರ್ಸರಿಯಲ್ಲೇ ಬೆಳೆಸಿದ ದೇಸಿ ಗೆಡ್ಡೆ ಕೇಳಿ ತನ್ನಿ. ಬೀಜ ಹಾಕಿದರೂ ಬರುತ್ತದೆ, ಆದರೆ ಹೂ ನೋಡಲು ಸುಮಾರು 5 ವರ್ಷ ಕಾಯಬೇಕು.