ನೇರ ನೋಟ, ಬಾಗುವ ಗುಂಡು

ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ತೋಟವಿದೆ. ಮಧ್ಯಾಹ್ನ ತ್ರೀ ಫೇಸ್ ಕರೆಂಟ್ ಬಂದು ಬೋರ್‌ವೆಲ್ ಮೋಟಾರ್ ಶುರುವಾದಾಗ ಮಾವ ಒಂದು ಪರಂಗಿ ಎಲೆಯನ್ನು ದಂಟಿನ ಸಮೇತ ಕಿತ್ತು ತಂದರು. ಎಲೆಯನ್ನು ಕತ್ತರಿಸಿ ಬಿಸುಟು, ಟೊಳ್ಳಾದ ದಂಟನ್ನು ನೀರಿನ ಪೈಪಿನ ಬೆನ್ನಿಗೆ ಬಾಳೆನಾರಿನಿಂದ ಎರಡು ಕಡೆ ಕಟ್ಟಿದರು. ಇಪ್ಪತ್ತು ಅಡಿ ದೂರದ ತೆಂಗಿನ ಮರಕ್ಕೆ ಎದೆಮಟ್ಟದಲ್ಲಿ ಸುಣ್ಣದ ಬೊಟ್ಟು ಇಟ್ಟರು. "ದಂಟಿನೊಳಗಿಂದ ನೋಡಮ್ಮ. ಬೊಟ್ಟು ನಟ್ಟನಡುವೆ ಕಾಣುವ ಹಾಗೆ ಪೈಪು ಹಿಡಿ" ಎಂದರು. ಹಿಡಿದೆ. ವಾಲ್ವ್ ತಿರುಗಿಸಿದರು. ನೀರು ಬೊಟ್ಟಿಗಿಂತ ಎರಡೂವರೆ ಅಡಿ ಕೆಳಗೆ ಹೋಗಿ ಬಡಿಯಿತು.

ಮಾವ ಕಾಲಾಳು ಪಡೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದವರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು. ರೈಫಲ್ಲಿನ ಮೇಲೆ ಕೂರಿಸುವ ಗುರಿ ಹಿಡಿಯುವ ದೂರದರ್ಶಕವನ್ನು, ಅಂದರೆ ಸ್ಕೋಪನ್ನು, 'ಜೀರೋ' ಮಾಡುವುದು ಎಂದರೇನು ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು.

ಸ್ಕೋಪ್ ತೋರಿಸಿದ ಕಡೆಗೆ ಗುಂಡು ಹೋಗುತ್ತದೆ ಎಂದು ನಾನೂ ನಂಬಿದ್ದೆ. ನಿಜವಾಗಿ ನೋಡಿದರೆ ಗುಂಡಿಗೆ ಸ್ಕೋಪಿನ ಹಂಗೇ ಇಲ್ಲ. ನೋಟದ ಗೆರೆ ಬೆಳಕಿನದು, ಅದು ನೇರವಾಗಿ ಸಾಗುತ್ತದೆ. ಗುಂಡಿನ ದಾರಿ ಅದರಿಂದ ಐದಾರು ಸೆಂಟಿಮೀಟರ್ ಕೆಳಗಿರುವ ನಳಿಕೆಯಿಂದ ಹೊರಟು, ಹೊರಬಿದ್ದ ಕ್ಷಣದಿಂದಲೇ ನೆಲದ ಕಡೆಗೆ ಬಾಗುತ್ತದೆ. ನಮ್ಮ ಸೇನೆ ಬಳಸಿದ ಇನ್ಸಾಸ್‌ನಂತಹ, ನಳಿಕೆಯ ಒಳಅಗಲ 5.56 ಮಿಲಿಮೀಟರ್ ಇರುವ ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿಯ ತಡೆಗೆ ಸಿಕ್ಕಿ ನಿಧಾನವಾಗುತ್ತಾ 300 ಮೀಟರ್ ಮುಟ್ಟಲು ಅದಕ್ಕೆ ಹೆಚ್ಚು ಕಡಿಮೆ 0.4 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಗುರುತ್ವ ಯಾವುದೇ ವಸ್ತುವನ್ನಾದರೂ ಮುಕ್ಕಾಲು ಮೀಟರಿನಷ್ಟು ಕೆಳಕ್ಕೆ ಎಳೆದಿರುತ್ತದೆ. ಮುಕ್ಕಾಲು ಮೀಟರ್ ಎಂದರೆ ಎರಡೂವರೆ ಅಡಿ! ತೋಟದ ನೀರು ಇಪ್ಪತ್ತು ಅಡಿ ದಾಟಲು ತೆಗೆದುಕೊಂಡದ್ದೂ ಅಷ್ಟೇ ಹೊತ್ತು, ಬಿದ್ದದ್ದೂ ಅಷ್ಟೇ ಆಳ. ವೇಗ ಎಷ್ಟಾದರೂ ಇರಲಿ, ಬೀಳುವ ಲೆಕ್ಕವನ್ನು ಗಡಿಯಾರವೇ ಬರೆಯುತ್ತದೆ. ಇದನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಸೂತ್ರ ಬರೆದು ಹೇಳಿದ್ದೇನೆ. ತೆಂಗಿನ ಬುಡ ನೆನೆದದ್ದನ್ನು ಕಂಡ ದಿನ ಅದು ಮನಸ್ಸಿಗೆ ಇಳಿಯಿತು.

ಮಾವ ಮುಂದೆ ಮಾಡಿದ್ದು ಸಣ್ಣ ಕೆಲಸ. ದಂಟಿನ ಹಿಂತುದಿ, ಅಂದರೆ ನನ್ನ ಕಣ್ಣಿನ ಕಡೆಯ ತುದಿ, ಅದರ ಅಡಿಗೆ ಒಂದು ಕರಟದ ಚೂರನ್ನು ಸಿಕ್ಕಿಸಿದರು. ದಂಟು ಈಗ ಪೈಪಿಗೆ ಸಮಾನಾಂತರವಾಗಿ ಇರಲಿಲ್ಲ, ಮುಂದಕ್ಕೆ ಕೊಂಚ ತಗ್ಗಿತ್ತು. ಮತ್ತೆ ಬೊಟ್ಟನ್ನು ನಡುವೆ ತರಬೇಕಾದರೆ ಪೈಪಿನ ಮೂತಿಯನ್ನು ನಾನೇ ಎತ್ತಬೇಕಾಯಿತು. ನೀರು ಮೇಲಕ್ಕೆ ಚಿಮ್ಮಿ, ನೋಟದ ಗೆರೆಯನ್ನು ಹತ್ತಿರದಲ್ಲೇ ದಾಟಿ, ಅದರ ಮೇಲೆ ಕಮಾನಿನಂತೆ ಸಾಗಿ, ಇಳಿಯುತ್ತಾ ಬಂದು ಬೊಟ್ಟಿನ ಮೇಲೆ ಬಿತ್ತು. ಜೀರೋ ಮಾಡುವುದು ಎಂದರೆ ಇಷ್ಟೇ. ನೇರ ಗೆರೆಯೂ ಬಾಗಿದ ಗೆರೆಯೂ ಇಂತಿಷ್ಟು ದೂರದಲ್ಲಿ ಕೂಡಬೇಕು ಎಂದು ಗೊತ್ತು ಮಾಡುವುದು. ಎರಡು ಗೆರೆಗಳು ಕೂಡುವುದು ಎರಡು ಸಲ. 5.56 ರೈಫಲ್ಲಿನಲ್ಲಿ 25 ಮೀಟರ್ ಹತ್ತಿರ ಒಮ್ಮೆ, 300 ಮೀಟರ್ ಹತ್ತಿರ ಇನ್ನೊಮ್ಮೆ ಕೂಡುವಂತೆ ಹೊಂದಿಸುವ ರೂಢಿ ಸೇನೆಗಳಲ್ಲಿದೆ. ನಡುವಿನ ದಾರಿಯಲ್ಲಿ ಗುಂಡು ನೋಟದ ಗೆರೆಗಿಂತ ಒಂದು ಗೇಣಿಗೂ ಕಡಿಮೆ ಮೇಲಿರುತ್ತದೆ.

ಸ್ಕೋಪಿನಲ್ಲಿ ಕರಟದ ಚೂರಿನ ಕೆಲಸವನ್ನು ಎರಡು ತಿರುಪುಗಳು ಮಾಡುತ್ತವೆ, ಒಂದು ಮೇಲೆ-ಕೆಳಗೆ, ಇನ್ನೊಂದು ಎಡಕ್ಕೆ-ಬಲಕ್ಕೆ. ತಿರುಗಿಸಿದಾಗ ಬೆರಳಿಗೆ 'ಟಿಕ್' ಎಂದು ತಾಗುತ್ತದೆ. ಒಂದೊಂದು ಟಿಕ್ಕೂ ದೂರವನ್ನಲ್ಲ, ಕೋನವನ್ನು ಬದಲಿಸುತ್ತದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು ಒಂದು 'ಮಿನಿಟ್'. 100 ಮೀಟರಿನಲ್ಲಿ ಅದು 2.9 ಸೆಂಟಿಮೀಟರ್ ಆದರೆ 300 ಮೀಟರಿನಲ್ಲಿ 8.7. ಟಿಕ್ಕಿಗೆ ಕಾಲು ಮಿನಿಟ್ ಇರುವ ಸ್ಕೋಪಿನಲ್ಲಿ, ಗುಂಡು 100 ಮೀಟರಿನಲ್ಲಿ 7 ಸೆಂಟಿಮೀಟರ್ ಕೆಳಗೆ ಬಿದ್ದಿದ್ದರೆ ಹತ್ತು ಟಿಕ್ ಮೇಲಕ್ಕೆ ತಿರುಗಿಸಬೇಕು.

ಆದರೆ ಒಂದೇ ತೂತನ್ನು ನೋಡಿ ತಿರುಪಿಗೆ ಕೈ ಹಾಕುವವನನ್ನು ಮಾವ ಒಪ್ಪುವುದಿಲ್ಲ. ಮರಳಿನ ಚೀಲದ ಮೇಲೆ ರೈಫಲನ್ನು ಒರಗಿಸಿ, ಒಂದೇ ಬಗೆಯ ಉಸಿರಿನಲ್ಲಿ, ಒಂದೇ ಕಡೆ ಗುರಿಯಿಟ್ಟು ಮೂರು ಅಥವಾ ಐದು ಗುಂಡು ಹಾರಿಸಬೇಕು. ಕಾಗದದ ಮೇಲೆ ತೂತುಗಳು ಗುಂಪಾಗಿ ಕೂಡಿದರೆ ಆ ಗುಂಪಿನ ನಡುವನ್ನು ಅಳೆದು ತಿದ್ದಬೇಕು. ಚೆದುರಿದ್ದರೆ ದೋಷ ಹಿಡಿತದಲ್ಲೋ ಸಡಿಲವಾದ ಸ್ಕ್ರೂನಲ್ಲೋ ಇರುತ್ತದೆ, ಸ್ಕೋಪ್ ತಿರುಗಿಸಿ ಫಲವಿಲ್ಲ. ಪ್ರಯೋಗಾಲಯದಲ್ಲಿ ಒಂದು ಅಳತೆಯನ್ನು ನಂಬಬೇಡಿ, ಸರಾಸರಿ ತೆಗೆಯಿರಿ ಎಂದು ಮಕ್ಕಳಿಗೆ ಹೇಳುವ ಪಾಠವೂ ಇದೇ.

ಇನ್ನು ಸ್ಕೋಪಿನ ಒಳಗಿನ ಗುರಿಗೆರೆಯ ವಿಷಯ. 1640ರ ಆಸುಪಾಸಿನಲ್ಲಿ ವಿಲಿಯಂ ಗ್ಯಾಸ್ಕೋಯಿನ್ ಎಂಬ ಇಂಗ್ಲೆಂಡಿನ ಖಗೋಳಜ್ಞನ ಉಪಕರಣದೊಳಗೆ ಜೇಡವೊಂದು ನೂಲೆಳೆದಿತ್ತು. ಎಳೆ ಮಸೂರದ ನಾಭಿಯಲ್ಲಿ ಬಿದ್ದಿದ್ದರಿಂದ ದೂರದ ಬಿಂಬವೂ ಎಳೆಯೂ ಒಟ್ಟಿಗೆ ಸ್ಪಷ್ಟವಾಗಿ ಕಂಡವು. ಗುರಿ ಹಿಡಿಯುವ ದೂರದರ್ಶಕ ಹುಟ್ಟಿದ್ದು ಈ ಗಮನಿಕೆಯಿಂದ. ಬಿಂಬ ಮತ್ತು ಗೆರೆ ಒಂದೇ ಸಮತಲದಲ್ಲಿ ಇರದಿದ್ದರೆ ಕಣ್ಣು ಸರಿದಂತೆ ಗೆರೆಯೂ ಗುರಿಯ ಮೇಲೆ ಸರಿದಾಡುತ್ತದೆ. ಬಸ್ಸಿನ ಚಾಲಕನಿಗೆ ಅರವತ್ತು ತೋರಿಸುವ ಮುಳ್ಳು ಪಕ್ಕದ ಸೀಟಿನವರಿಗೆ ಬೇರೊಂದು ಅಂಕೆ ತೋರಿಸುವಂತೆ. ಇದೇ ಪ್ಯಾರಲಾಕ್ಸ್.

ಹಿಗ್ಗಿಸುವ ಶಕ್ತಿಯನ್ನು ಬೇಕಾದಂತೆ ಬದಲಿಸುವ ಸ್ಕೋಪುಗಳು ಬಂದು ಎಷ್ಟೋ ಕಾಲವಾಗಿದೆ. ಆದರೂ ಸೈನಿಕರ ಕೈಯಲ್ಲಿ ಸ್ಥಿರ ಶಕ್ತಿಯವು ದಶಕಗಟ್ಟಲೆ ಉಳಿದವು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷರ ನಂಬರ್ 32 ಮೂರು ಪಟ್ಟು ಹಿಗ್ಗಿಸುತ್ತಿತ್ತು, ರಷ್ಯನ್ನರ ಪಿಯು ಮೂರೂವರೆ ಪಟ್ಟು. 1963ರಲ್ಲಿ ಸೋವಿಯತ್ ಸೇನೆ ಸೇರಿದ, ನಮ್ಮ ಸೇನೆಯೂ ಬಳಸಿದ ಡ್ರಾಗುನೋವ್ ರೈಫಲ್ಲಿನ ಪಿಎಸ್ಒ-1 ನಾಲ್ಕು ಪಟ್ಟು. ಬ್ರಿಟನ್ನಿನ ಸುಸಾಟ್, ಅಮೆರಿಕದ ಸೈನಿಕರು ಹೆಚ್ಚಾಗಿ ಬಳಸಿದ ಏಕಾಗ್ ಕೂಡ ನಾಲ್ಕೇ ಪಟ್ಟು. ಸ್ಥಿರವಾಗಿರುವುದು ಕೊರತೆಯಲ್ಲ, ಅದೇ ಅದರ ಬಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಕ್ತಿ ಬದಲಿಸಬೇಕಾದರೆ ಒಳಗೆ ಮಸೂರಗಳು ಜಾರಬೇಕು. ಜಾರುವ ಭಾಗದಲ್ಲಿ ಕೂದಲೆಳೆಯ ಸಡಿಲವಿದ್ದರೂ ಜೀರೋ ಅಲುಗಾಡುತ್ತದೆ. ಸ್ಥಿರ ಸ್ಕೋಪಿನಲ್ಲಿ ಆ ಭಯವಿಲ್ಲ, ಒಳಗಿನ ಗುರುತುಗಳ ಬೆಲೆಯೂ ಯಾವಾಗಲೂ ಒಂದೇ.

ಈ ಕೊನೆಯ ಮಾತಿನ ಅರ್ಥ ಪಿಎಸ್ಒ-1ರೊಳಗೆ ಇಣುಕಿದರೆ ತಿಳಿಯುತ್ತದೆ. ಎಡಗಡೆ ಕೆಳಗೆ ಒಂದು ಇಳಿಜಾರು ಗೆರೆ ಇದೆ. 1.7 ಮೀಟರ್ ಎತ್ತರದ ಮನುಷ್ಯ ಅದರ ಯಾವ ಅಂಕೆಯ ಅಡಿಯಲ್ಲಿ ಸರಿಯಾಗಿ ಹಿಡಿಸುತ್ತಾನೋ ಅದೇ ನೂರರ ಲೆಕ್ಕದಲ್ಲಿ ಅವನಿರುವ ದೂರ. ಹಿಗ್ಗುವಿಕೆ ಬದಲಾಗದೆ ಇರುವುದರಿಂದ ಈ ಅಳತೆಗೋಲು ಸುಳ್ಳಾಗುವುದಿಲ್ಲ. ಅದೇ ತತ್ವಕ್ಕೆ ಹೆಬ್ಬೆರಳೂ ಸಾಕು. ಕೈ ಪೂರ್ತಿ ಚಾಚಿದಾಗ 60 ಸೆಂಟಿಮೀಟರ್ ದೂರದಲ್ಲಿರುವ, 2 ಸೆಂಟಿಮೀಟರ್ ಅಗಲದ ಹೆಬ್ಬೆರಳನ್ನು ಅಡ್ಡ ಹಿಡಿದರೆ, 15 ಮೀಟರ್ ಎತ್ತರದ ತೆಂಗಿನ ಮರ ಅದರ ಹಿಂದೆ ಸರಿಯಾಗಿ ಮರೆಯಾಗುವುದು 450 ಮೀಟರ್ ದೂರದಲ್ಲಿ. ಪಕ್ಕದ ತೋಟದ ಮರಗಳ ಮೇಲೆ ಇದನ್ನು ಪ್ರಯೋಗಿಸಿ ನಾವು ಒಂದು ಸಂಜೆಯನ್ನೇ ಕಳೆದೆವು.

ನಾಲ್ಕೇ ಪಟ್ಟು ಏಕೆ ಎಂಬುದಕ್ಕೂ ಕಾರಣವಿದೆ. ಸ್ಕೋಪನ್ನು ಆಕಾಶಕ್ಕೆ ತಿರುಗಿಸಿ, ಕಣ್ಣಿನಿಂದ ಒಂದಡಿ ದೂರ ಹಿಡಿದು ನೋಡಿದರೆ ಹಿಂಬದಿಯ ಗಾಜಿನಲ್ಲಿ ಬೆಳಕಿನ ಒಂದು ದುಂಡು ಬಿಲ್ಲೆ ಕಾಣುತ್ತದೆ. ಮುಂದಿನ ಮಸೂರದ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಬರುವುದೇ ಅದರ ಅಗಲ. ಪಿಎಸ್ಒ-1ರಲ್ಲಿ 24 ಭಾಗಿಸು 4, ಅಂದರೆ 6 ಮಿಲಿಮೀಟರ್. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ಮಾತ್ರ ತೆರೆದಿರುತ್ತದೆ, ಹಾಗಾಗಿ ತಲೆ ಒಂದಿಷ್ಟು ಆಚೀಚೆಯಾದರೂ ನೋಟ ತಪ್ಪುವುದಿಲ್ಲ. ಮುಸ್ಸಂಜೆಯಲ್ಲಿ ಪಾಪೆ ಅಗಲವಾದಾಗ ಅದನ್ನು ತುಂಬುವಷ್ಟು ಬೆಳಕೂ ಸಿಗುತ್ತದೆ. ಅದೇ 24 ಮಿಲಿಮೀಟರ್ ಮಸೂರಕ್ಕೆ ಹನ್ನೆರಡು ಪಟ್ಟು ಶಕ್ತಿ ಕೊಟ್ಟರೆ ಬಿಲ್ಲೆ 2 ಮಿಲಿಮೀಟರಿಗೆ ಕುಗ್ಗುತ್ತದೆ, ಕೈನಡುಕ ಹನ್ನೆರಡು ಪಟ್ಟಾಗಿ ಕಾಣುತ್ತದೆ.

ಒಮ್ಮೆ ಮಾಡಿದ ಜೀರೋ ಶಾಶ್ವತವಲ್ಲ. 5500 ಮೀಟರ್ ಎತ್ತರದ ಹಿಮದ ಠಾಣೆಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ ಮಾತ್ರ. ಅಲ್ಲಿ ಗುಂಡಿಗೆ ತಡೆ ಕಡಿಮೆ, ಬಯಲಿನಲ್ಲಿ ಹೊಂದಿಸಿದ ರೈಫಲ್ ದೂರದ ಗುರಿಗೆ ಮೇಲೆ ಹೊಡೆಯುತ್ತದೆ. ಗುಂಡಿನ ತಯಾರಿ ಬದಲಾದರೂ, ಲಾರಿಯಲ್ಲಿ ಕುಲುಕಿ ಸ್ಕ್ರೂ ಸಡಿಲಿಸಿದರೂ ಮತ್ತೆ ಹೊಂದಿಸಬೇಕು.

ಮಾವ ಇದನ್ನು ಹೇಳುತ್ತಿರುವಾಗಲೇ ಪಕ್ಕದ ತೋಟದವರು ಮೋಟಾರ್ ಹಾಕಿದರು. ವೋಲ್ಟೇಜ್ ಇಳಿಯಿತು. ನಾನು ಪೈಪನ್ನು ಕದಲಿಸಿರಲಿಲ್ಲ, ದಂಟಿನೊಳಗೆ ಬೊಟ್ಟು ನಡುವೆಯೇ ಇತ್ತು. ನೀರು ಮಾತ್ರ ಅದರಿಂದ ಒಂದು ಗೇಣು ಕೆಳಕ್ಕೆ ಜಾರಿತು. ಮಾವ ಬಗ್ಗಿ, ದಂಟಿನ ಹಿಂತುದಿಗೆ ಇನ್ನೊಂದು ಕರಟದ ಚೂರನ್ನು ಸಿಕ್ಕಿಸಿದರು.