ಜುಲೈ ಬಂದರೆ ದೊಡ್ಡ ಬ್ಲೂಗಿಲ್ ಮೀನುಗಳು ಎಲ್ಲಿ ಹೋಗುತ್ತವೆ?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಮೇ ಕೊನೆಯಲ್ಲಿ ಮನೆ ಹತ್ತಿರದ ಕೆರೆಯ ದಡದಲ್ಲೇ ಅಂಗೈ ಅಗಲದ ಬ್ಲೂಗಿಲ್ ಸಿಗುತ್ತಿದ್ದವು. ಈಗ ಅದೇ ಜಾಗದಲ್ಲಿ ಬರೀ ಬೆರಳುದ್ದದ ಮರಿಗಳು. ದೊಡ್ಡವು ಖಾಲಿಯಾದವಾ?

ಉತ್ತರ: ಇಲ್ಲ, ಆಳಕ್ಕೆ ಇಳಿದಿವೆ.

ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಬ್ಲೂಗಿಲ್ ಮೊಟ್ಟೆಯಿಡುತ್ತದೆ. ಗಂಡು ಮೀನು ದಡದ ಹತ್ತಿರ ಬಾಲದಿಂದ ಮರಳು ಸರಿಸಿ ತಟ್ಟೆಯಂಥ ಗುಂಡಿ ಮಾಡುತ್ತದೆ. ಮೊಟ್ಟೆ ಕಾಯುವುದೂ ಅದೇ. ಹತ್ತಿರ ಬಂದದ್ದರ ಮೇಲೆಲ್ಲ ನುಗ್ಗುತ್ತದೆ, ಹಾಗಾಗಿ ಗಾಳಕ್ಕೆ ಸುಲಭವಾಗಿ ಸಿಗುತ್ತದೆ. ಮರಿಗಳು ಗೂಡು ಬಿಟ್ಟ ಮೇಲೆ ದೊಡ್ಡವು ನೀರುಗಿಡಗಳ ಹೊರ ಅಂಚಿಗೆ ಹೋಗುತ್ತವೆ. ಅಲ್ಲಿ ತೆರೆದ ನೀರಿನಲ್ಲಿ ತೇಲುವ ಸಣ್ಣ ಜೀವಿಗಳೇ ಅವುಗಳ ಊಟ. ಚಿಕ್ಕವಕ್ಕೆ ಬಾಸ್, ಪೈಕ್ ಮೀನುಗಳ ಭಯ. ಅವು ದಡದ ಗಿಡಗಳ ನಡುವೆಯೇ ಅಡಗಿರುತ್ತವೆ. ನಿಮಗೆ ಸಿಗುತ್ತಿರುವುದು ಅವೇ.

ದೋಣಿ ಇಲ್ಲದಿದ್ದರೆ ಮೀನು ಹಿಡಿಯಲೆಂದೇ ಕೆರೆಯೊಳಗೆ ಚಾಚಿ ಕಟ್ಟಿದ ಪಿಯರ್‌ಗೆ ಹೋಗಿ. ಗಿಡ ಮುಗಿಯುವ ಕಡೆ, 10ರಿಂದ 15 ಅಡಿ ಆಳದಲ್ಲಿ ಹುಡುಕಿ. ಬೆಂಡು ದಾರಕ್ಕೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಅಷ್ಟುದ್ದದ ದಾರ ಬೀಸುವುದೇ ಕಷ್ಟ, ಅದಕ್ಕೇ ದಾರದ ಮೇಲೆ ಜಾರುವ ಬೆಂಡು ಬೇಕು. ಬ್ಲೂಗಿಲ್ ಬಾಯಿ ತೀರಾ ಚಿಕ್ಕದು. 8 ಅಥವಾ 10ನೇ ನಂಬರಿನ ಕೊಕ್ಕೆಗೆ ಎರೆಹುಳುವಿನ ಚೂರು ಸಾಕು. ಇಡೀ ಹುಳು ಹಾಕಿದರೆ ಸುಮ್ನೆ ತುದಿ ಕಿತ್ತು ಹೋಗುತ್ತದೆ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಮೇ, ಜೂನ್‌ನಲ್ಲಿ ಗೂಡಿನ ಮೇಲಿರುವ ದೊಡ್ಡ ಗಂಡನ್ನು ದಯವಿಟ್ಟು ನೀರಿಗೆ ಬಿಡಿ. ಅಷ್ಟು ಬೆಳೆಯಲು ಅದಕ್ಕೆ ಹಲವು ವರ್ಷ ಹಿಡಿದಿರುತ್ತದೆ. ಅಂಥವು ಹೋದರೆ ಚಿಕ್ಕ ಗಂಡುಗಳು ಬೇಗನೆ ಬಲಿತು, ಬೆಳೆಯುವ ಶಕ್ತಿಯನ್ನೆಲ್ಲ ಸಂತಾನಕ್ಕೇ ಸುರಿಯುತ್ತವೆ. ಆಮೇಲೆ ಕೆರೆ ತುಂಬ ಕುಳ್ಳ ಮೀನುಗಳೇ ಜಾಸ್ತಿಯಾಗುತ್ತವೆ. ಹುರಿಯಲು 6–7 ಇಂಚಿನವು ಚೆನ್ನಾಗಿಯೇ ಇರುತ್ತವೆ, ಅಲ್ವಾ? 8 ಇಂಚು ದಾಟಿದವು ಕೆರೆಯಲ್ಲೇ ಇರಲಿ.

ರಾಜ್ಯದಲ್ಲಿ ಒಬ್ಬರು ದಿನಕ್ಕೆ ಇಟ್ಟುಕೊಳ್ಳಬಹುದಾದ ಸನ್‌ಫಿಶ್ ಜಾತಿಯ ಮೀನುಗಳ ಸಾಮಾನ್ಯ ಮಿತಿ 20. ಬ್ಲೂಗಿಲ್ ಕೂಡ ಇದರಲ್ಲೇ ಸೇರುತ್ತದೆ. ಆದರೆ ದೊಡ್ಡ ಮೀನು ಉಳಿಸಲೆಂದು ಕೆಲವು ಕೆರೆಗಳಲ್ಲಿ ಅದನ್ನು 10ಕ್ಕೆ, ಇನ್ನು ಕೆಲವೆಡೆ 5ಕ್ಕೆ ಇಳಿಸಿದ್ದಾರೆ. ಗಾಳ ಹಾಕುವ ಮೊದಲು ನಿಮ್ಮ ಕೆರೆಯ ನಿಯಮ ನೋಡಿಕೊಳ್ಳಿ.