ಆ ಬಿಬಿಸಿ ಫೋಟೋದ ನಡುವೆ ಕೂತಿರುವವರು ಯಾರು?

ಪ್ರಶ್ನೆ: ಲೇಖಕರಾದ ಜಾರ್ಜ್ ಆರ್ವೆಲ್, ಟಿ.ಎಸ್. ಎಲಿಯಟ್, ಮುಲ್ಕ್ ರಾಜ್ ಆನಂದ್ ಎಲ್ಲ ಒಟ್ಟಿಗಿರುವ ಹಳೇ ಬಿಬಿಸಿ ಫೋಟೋದಲ್ಲಿ ನಡುವೆ ಒಬ್ಬ ಕಪ್ಪು ಮಹಿಳೆ ಕೂತಿದ್ದಾರಲ್ಲ, ಅವರು ಯಾರು? ಸೈನಿಕರ ಸಂದೇಶ ಓದಿಸುತ್ತಿದ್ದ ಅನೌನ್ಸರ್ ಅಷ್ಟೇ ಅಂತ ಎಲ್ಲೋ ಓದಿದೆ. ನಿಜವಾ?

ಈ ಫೋಟೋ ವಾಟ್ಸಾಪ್‌ನಲ್ಲಿ ಒಂದು ಸುತ್ತು ಹೊಡೆದಾಗಲೆಲ್ಲ ಪ್ರಶ್ನೆ ತಪ್ಪದೆ ಬರುತ್ತದೆ. ತುಂಡುತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ, ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಅವರು ಯೂನಾ ಮಾರ್ಸನ್. ಜಮೈಕಾದವರು. ಕವಿ, ನಾಟಕಕಾರ್ತಿ, ಪತ್ರಕರ್ತೆ. ಬಿಬಿಸಿಯಲ್ಲಿ ಕಾರ್ಯಕ್ರಮ ತಯಾರಿಸಿದ ಮೊದಲ ಕಪ್ಪು ಮಹಿಳೆ. ಫೋಟೋ 1942ರ ಡಿಸೆಂಬರ್ ತಿಂಗಳದ್ದು. ಭಾರತದ ಕೇಳುಗರಿಗಾಗಿ ಆರ್ವೆಲ್ ‘ವಾಯ್ಸ್’ ಅನ್ನೋ ಕವಿತೆಯ ಕಾರ್ಯಕ್ರಮ ನಡೆಸುತ್ತಿದ್ದರು, ಅದಕ್ಕೆ ಸೇರಿದ್ದವರು ಇವರೆಲ್ಲ. ಯೂನಾ ಅವರ ಒಂದು ಪಕ್ಕ ಎಲಿಯಟ್, ಇನ್ನೊಂದು ಪಕ್ಕ ಆನಂದ್. ಅವರು ಅಲ್ಲಿಗೆ ಬಂದದ್ದು ಕವಿಯಾಗಿ, ತಮ್ಮದೇ ಕವಿತೆ ಓದೋಕೆ.

ಹುಟ್ಟಿದ್ದು 1905ರಲ್ಲಿ, ಸೇಂಟ್ ಎಲಿಜಬೆತ್ ಪ್ರಾಂತ್ಯದ ಸಾಂಟಾ ಕ್ರೂಜ್ ಹತ್ತಿರ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಹುಡುಗಿ ಶಾರ್ಟ್‌ಹ್ಯಾಂಡ್ ಕಲಿತು ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದರು. 1928ರಲ್ಲಿ ‘ದಿ ಕಾಸ್ಮೊಪಾಲಿಟನ್’ ಅನ್ನೋ ಸ್ವಂತ ಪತ್ರಿಕೆ ಶುರು ಮಾಡಿದರು. (ಅಮೆರಿಕದ ಫ್ಯಾಷನ್ ಪತ್ರಿಕೆಗೂ ಇದಕ್ಕೂ ಸಂಬಂಧವಿಲ್ಲ, ಅದನ್ನೂ ಕೇಳಬೇಡಿ.) ಜಮೈಕಾದಲ್ಲಿ ಪತ್ರಿಕೆಯೊಂದರ ಸಂಪಾದಕಿಯೂ ಪ್ರಕಾಶಕಿಯೂ ಆದ ಮೊದಲ ಹೆಂಗಸು ಅವರೇ.

1932ರಲ್ಲಿ ಮೊದಲ ನಾಟಕ ‘ಅಟ್ ವಾಟ್ ಎ ಪ್ರೈಸ್’ ಕಿಂಗ್‌ಸ್ಟನ್‌ನಲ್ಲಿ ರಂಗಕ್ಕೆ ಬಂತು. ರೂತ್ ಅನ್ನೋ ಹಳ್ಳಿ ಹುಡುಗಿ ಪೇಟೆಗೆ ಬಂದು ಸ್ಟೆನೋ ಆಗುತ್ತಾಳೆ. ಬಿಳಿಯ ಬಾಸ್ ಮೇಲೆ ಮನಸ್ಸಾಗಿ, ಬಸುರಾಗಿ, ಊರಿಗೆ ವಾಪಸ್ ಹೋಗುತ್ತಾಳೆ. ಆಫೀಸಿನ ಆ ಟೈಪ್‌ರೈಟರ್ ಮುಂದೆ ಯೂನಾ ತಾವೇ ಕೂತವರು, ಸುಮ್ನೆ ಊಹಿಸಿ ಬರೆದದ್ದಲ್ಲ. ಅದೇ ವರ್ಷ ಲಂಡನ್‌ಗೆ ಹೋದರು. ಅಲ್ಲಿ ಶಾರ್ಟ್‌ಹ್ಯಾಂಡ್ ಚೆನ್ನಾಗಿ ಬಂದರೂ ಕೆಲಸ ಸಿಗಲಿಲ್ಲ, ಮೈಬಣ್ಣ ಅಡ್ಡ ಬಂತು. ಪೆಕಮ್‌ನಲ್ಲಿ ಡಾಕ್ಟರ್ ಹೆರಾಲ್ಡ್ ಮೂಡಿ ಅವರ ಮನೆಯಲ್ಲಿದ್ದುಕೊಂಡು, ಕಪ್ಪು ಜನರ ಹಕ್ಕಿಗಾಗಿ ಅವರು ಕಟ್ಟಿದ ‘ಲೀಗ್ ಆಫ್ ಕಲರ್ಡ್ ಪೀಪಲ್ಸ್’ ಅನ್ನೋ ಸಂಘದ ಕೆಲಸ ಮಾಡಿದರು. 1934ರ ಜನವರಿಯಲ್ಲಿ ಇದೇ ನಾಟಕ ಲಂಡನ್ನಿನ ಸ್ಕಾಲಾ ಥಿಯೇಟರ್‌ನಲ್ಲಿ ಲೀಗ್‌ನವರೇ ಪಾತ್ರಧಾರಿಗಳಾಗಿ ನಡೆಯಿತು. 1936ರಲ್ಲಿ, ಇಟಲಿಯ ದಾಳಿಯಿಂದ ದೇಶ ಬಿಟ್ಟು ಬಂದಿದ್ದ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಗೆ ಸೆಕ್ರೆಟರಿಯೂ ಆಗಿದ್ದರು. ಇದೊಂದೇ ಒಂದು ಪುಸ್ತಕದಷ್ಟಿದೆ, ಮುಂದೆ ಹೋಗೋಣ.

ಈಗ ಆ ‘ಅನೌನ್ಸರ್ ಅಷ್ಟೇ’ ಅನ್ನೋ ಮಾತು. ಎಷ್ಟು ಸಲ ತಿದ್ದಿದರೂ ಮತ್ತೆ ಎದ್ದು ಬರುತ್ತದೆ. ಇದರ ಪೂರ್ತಿ ರೂಪ ಹೀಗಿದೆ: ಯೂನಾ ಎರಡನೇ ಮಹಾಯುದ್ಧದ ಹೊತ್ತಲ್ಲಿ ಸೈನಿಕರ ಸಂದೇಶ ಓದಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಹೆನ್ರಿ ಸ್ವಾಂಜಿ ಎಂಬ ಐರಿಷ್ ಮೂಲದ ನಿರ್ಮಾಪಕರು ಬಂದು ‘ಕೆರಿಬಿಯನ್ ವಾಯ್ಸಸ್’ ಅನ್ನೋ ಸಾಹಿತ್ಯದ ಕಾರ್ಯಕ್ರಮ ಹುಟ್ಟುಹಾಕಿದರು. ಅಲ್ಲಿಂದ ವೆಸ್ಟ್ ಇಂಡೀಸ್ ಸಾಹಿತ್ಯ ಶುರುವಾಯಿತು.

ಮೊದಲರ್ಧ ನಿಜ. 1941ರಲ್ಲಿ ಬಿಬಿಸಿ ಅವರನ್ನು ಪೂರ್ಣಾವಧಿ ಕೆಲಸಕ್ಕೆ ತೆಗೆದುಕೊಂಡಿತು. ‘ಕಾಲಿಂಗ್ ದಿ ವೆಸ್ಟ್ ಇಂಡೀಸ್’ ಕಾರ್ಯಕ್ರಮದಲ್ಲಿ ಬ್ರಿಟನ್ನಿನಲ್ಲಿದ್ದ ಕೆರಿಬಿಯನ್ ಹುಡುಗರು ಮೈಕ್ ಮುಂದೆ ನಿಂತು ಮನೆಯವರಿಗೆ ನಾಲ್ಕು ಮಾತು ಹೇಳುತ್ತಿದ್ದರು. ಇದೂ ಸಣ್ಣ ಕೆಲಸವಲ್ಲ. ಮಗ ಬದುಕಿದ್ದಾನೆ ಅಂತ ಅವನ ಬಾಯಿಂದಲೇ ಕೇಳೋಕೆ ದ್ವೀಪಗಳಲ್ಲಿ ತಾಯಂದಿರು ಶಾರ್ಟ್‌ವೇವ್ ಹಚ್ಚಿಕೊಂಡು ಕಾಯುತ್ತಿದ್ದರು.

ಇನ್ನರ್ಧ ಶುದ್ಧ ಸುಳ್ಳು. ಇಸವಿ ನೋಡಿದರೆ ಸಾಕು. ಆ ಸಂದೇಶಗಳ ನಡುವೆ ಕತೆ, ಕವಿತೆಗೆ ಜಾಗ ಮಾಡಿ, ಅದಕ್ಕೆ ‘ಕೆರಿಬಿಯನ್ ವಾಯ್ಸಸ್’ ರೂಪ ಕೊಟ್ಟದ್ದು ಯೂನಾ. ಅದು 1943ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ. ‘ವಾಯ್ಸ್’ನಲ್ಲಿ ಆರ್ವೆಲ್ ರೇಡಿಯೋದಲ್ಲೇ ಕವಿತೆಯ ಪತ್ರಿಕೆ ನಡೆಸುವುದನ್ನು ಹತ್ತಿರದಿಂದ ನೋಡಿದ್ದ ಯೂನಾ, ಕೆಲವೇ ತಿಂಗಳಲ್ಲಿ ತಮ್ಮ ಕಡೆಯವರಿಗೂ ಅಂಥದ್ದು ಶುರು ಮಾಡಿದರು. ಸ್ವಾಂಜಿ ಬಂದದ್ದು 1946ರಲ್ಲಿ. ಅಷ್ಟರಲ್ಲಿ ಯೂನಾ ಆರೋಗ್ಯ ಕೆಟ್ಟು ಜಮೈಕಾಗೆ ವಾಪಸಾದರು. ಹೆಸರೂ ಇತ್ತು, ಕಾರ್ಯಕ್ರಮವೂ ಇತ್ತು. ಇದ್ದದ್ದನ್ನು ‘ಹುಟ್ಟುಹಾಕೋದು’ ಹೇಗೆ ಸ್ವಾಮಿ?

ಸ್ವಾಂಜಿ ದೊಡ್ಡ ಕೆಲಸ ಮಾಡಿದರು, ಅದರಲ್ಲಿ ತಕರಾರಿಲ್ಲ. ಕಾರ್ಯಕ್ರಮವನ್ನು ಬೆಳೆಸಿದರು, ಹೊಸಬರನ್ನು ಹುಡುಕಿದರು. ವಾಲ್ಕಾಟ್, ನೈಪಾಲ್, ಲ್ಯಾಮಿಂಗ್, ಸೆಲ್ವನ್ ಎಲ್ಲ ಕೇಳಿಬಂದದ್ದು ಅವರ ಕಾಲದಲ್ಲಿ. ಎಡವಟ್ಟಾದದ್ದೂ ಅಲ್ಲೇ. ಮುಂದೆ ದೊಡ್ಡ ಹೆಸರಾದ ಲೇಖಕರು ತಾವು ಕಂಡವರನ್ನು ನೆನೆದರು, ತಾವು ಬರುವ ಮೊದಲೇ ಹೋಗಿದ್ದವರನ್ನಲ್ಲ. ಅವರು ನೆನೆದದ್ದನ್ನೇ ಉಳಿದವರು ಚರಿತ್ರೆ ಅಂತ ಬರೆದುಕೊಂಡರು. 1998ರಲ್ಲಿ ಡೀಲಿಯಾ ಜ್ಯಾರೆಟ್-ಮೆಕಾಲೆ ಅವರು ಬರೆದ ಯೂನಾ ಜೀವನಚರಿತ್ರೆ ಬಂದಮೇಲೂ ಹಳೇ ಸಾಲೇ ನಕಲಾಗುತ್ತಿದೆ ಅಂದರೆ ಏನು ಹೇಳೋದು. ಮೇಷ್ಟ್ರು ಬೋರ್ಡ್ ಮೇಲೆ ತಿದ್ದಿದರೂ ನೋಟ್ಸ್‌ನಲ್ಲಿ ತಪ್ಪೇ ಉಳಿಯುತ್ತದಲ್ಲ, ಹಾಗೆ.

ಹಾಗಂತ ಇನ್ನೊಂದು ತುದಿಗೂ ಹಾರಬೇಡಿ. ‘ಬಿಬಿಸಿಯಲ್ಲಿ ಕೇಳಿದ ಮೊದಲ ಕಪ್ಪು ದನಿ’ ಅಂತಲೂ ಕೆಲವರು ಬರೆಯುತ್ತಾರೆ. ಅದೂ ತಪ್ಪು. ಅವರಿಗಿಂತ ಮೊದಲೇ ಕಪ್ಪು ಗಾಯಕರು ಅಲ್ಲಿ ಹಾಡಿದ್ದರು. ಕಾರ್ಯಕ್ರಮ ತಯಾರಿಸೋರ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಮಹಿಳೆ ಅಂದರೆ ಸರಿ.

ಯೂನಾ ತೀರಿಕೊಂಡದ್ದು 1965ರ ಮೇನಲ್ಲಿ, ಕಿಂಗ್‌ಸ್ಟನ್‌ನಲ್ಲಿ, 60ನೇ ವಯಸ್ಸಿಗೆ. ಲಂಡನ್ನಿನ ಸದಕ್‌ನಲ್ಲಿ ಈಗ ಅವರ ಹೆಸರಿನ ಲೈಬ್ರರಿ ಇದೆ.

ಇಷ್ಟೆಲ್ಲ ಕೇಳುವವರು ಅದೇ ಫೋಟೋದಲ್ಲಿ ಒಂದು ತುದಿಗೆ ಕೂತಿರುವ ಇನ್ನೊಬ್ಬ ಹೆಣ್ಣುಮಗಳ ಬಗ್ಗೆ ಮಾತ್ರ ಕೇಳೋದಿಲ್ಲ. ಅವರು ವೇಣು ಚಿತಳೆ. ಕೊಲ್ಲಾಪುರದ ಕಡೆಯ ಶಿರೋಳದವರು, ಅಂದರೆ ನಮ್ಮ ಚಿಕ್ಕೋಡಿ ಸೀಮೆಗೆ ಜಾಸ್ತಿ ದೂರವೇನಲ್ಲ. ಬಿಬಿಸಿಯಲ್ಲಿ ಆರ್ವೆಲ್ ಜೊತೆ ಕೆಲಸ ಮಾಡಿದರು, ಭಾರತಕ್ಕೆ ಬಾನುಲಿ ಮಾತು ಕಳಿಸಿದರು. ಆಮೇಲೆ ಊರಿಗೆ ಮರಳಿ, 1950ರಲ್ಲಿ ‘ಇನ್ ಟ್ರಾನ್ಸಿಟ್’ ಎಂಬ ಇಂಗ್ಲಿಷ್ ಕಾದಂಬರಿ ಪ್ರಕಟಿಸಿದರು. ಪುಣೆಯ ಒಂದು ಕೂಡುಕುಟುಂಬದ ಕತೆ ಅದು. ಎಲಿಯಟ್ ಯಾರು ಅಂತ ಎಲ್ಲರಿಗೂ ಗೊತ್ತು, ನಮ್ಮ ಪಕ್ಕದ ಸೀಮೆಯವರು ಯಾರಿಗೂ ಗೊತ್ತಿಲ್ಲ, ಅಲ್ವಾ? ಅವರ ಬಗ್ಗೆ ಪ್ರಶ್ನೆ ಕಳಿಸಿ. ಬೇಸರವಿಲ್ಲದೆ ಬರೆಯುತ್ತೇನೆ.